ಮಾತು ಅವರದು, ಖರ್ಚು ಯಾರದು?

ಕಳೆದ ಸಂಚಿಕೆಯಲ್ಲಿ ನಿಮ್ಮನ್ನು ಒಂದು ವಿಷಯ ಕೇಳಿದ್ದೆ. ಕಥೆ, ಕಾವ್ಯ, ನಾಟಕ, ಸಿನಿಮಾ ಯಾವುದೇ ಇರಲಿ, ಪಾತ್ರವೊಂದು ಸ್ವಾರ್ಥದಿಂದಲೋ ನಿಸ್ವಾರ್ಥದಿಂದಲೋ ಆಡಿದ ಮಾತು ನಿಮ್ಮ ತಲೆಯಲ್ಲಿ ಕೂತುಬಿಟ್ಟಿದ್ದರೆ ಅದರ ಬಗ್ಗೆ ಪ್ರಶ್ನೆ ಕಳಿಸಿ ಎಂದು. ಪತ್ರಗಳ ಕಂತೆಯೇ ಬಂತು. ಅರ್ಧಕ್ಕಿಂತ ಜಾಸ್ತಿ ಕರ್ಣನದೇ. ಬ್ಯಾಂಕಿನ ಕೆಲಸ ಮುಗಿಸಿ ಬಂದ ಮೇಲೆ ನಾನು ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಪಾತ್ರವಾಗಿ ಅರ್ಥ ಹೇಳುತ್ತಾ ತಿರುಗುವವನು ಎಂದು ನಿಮಗೆಲ್ಲ ಗೊತ್ತಲ್ಲ, ಅದಕ್ಕೇ ಇರಬಹುದು. ಅಲ್ಲಿಂದಲೇ ಶುರು ಮಾಡೋಣ.

ಪ್ರ: ನಿಸ್ವಾರ್ಥದ ಮಾತು ಅಂದರೆ ಕರ್ಣ ಕೃಷ್ಣನಿಗೆ ಹೇಳಿದ್ದೇ. ಅದನ್ನು ಮೀರಿಸುವ ಮಾತು ಇನ್ನೊಂದಿದೆಯೇ?
– ಓದುಗರೊಬ್ಬರು, ಸಿದ್ದಾಪುರ

ಉ: ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಹೋಗುತ್ತಾನೆ. ನೀನು ಕುಂತಿಯ ಮಗ, ಪಾಂಡವರ ಅಣ್ಣ, ಬಾ, ಸಿಂಹಾಸನ ನಿನ್ನದೇ ಎನ್ನುತ್ತಾನೆ. ಕರ್ಣನ ಕೊರಳ ಸೆರೆ ಉಬ್ಬುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಆಮೇಲೆ ಕುಮಾರವ್ಯಾಸನ ಕರ್ಣ ಹೇಳುವುದು ಇದು:

ಮಾರಿಗೌತಣವಾಯ್ತು ನಾಳಿನ
ಭಾರತವು ಚತುರಂಗ ಬಲದಲಿ
ಕೌರವನ ಋಣ ಹಿಂಗೆ ರಣದಲಿ ಸುಭಟಕೋಟಿಯನು
ತೀರಿಸಿಯೆ ಪತಿಯವಸರಕ್ಕೆ ಶ-
ರೀರವನು ನೂಕುವೆನು ನಿನ್ನಯ
ವೀರರೈವರ ನೋಯಿಸೆನು ರಾಜೀವಸಖನಾಣೆ

ಆಣೆ ಇಡುವುದು ಸೂರ್ಯನ ಮೇಲೆ. ಅವನೇ ತನ್ನಪ್ಪ ಎಂದು ಗೊತ್ತಾಗಿ ಇನ್ನೂ ಹೆಚ್ಚು ಹೊತ್ತಾಗಿಲ್ಲ. ಈ ಪದ್ಯ ಹೇಳುವಾಗ ಗಂಟಲು ಕಟ್ಟದ ಅರ್ಥಧಾರಿಯನ್ನು ನಾನು ನೋಡಿಲ್ಲ.

ಆದರೆ ಒಮ್ಮೆ ನಿಧಾನವಾಗಿ ಓದಿ. ಇಲ್ಲಿ ಕರ್ಣ ಮೂರು ಕಡೆಗೆ ಕೊಡುತ್ತಿದ್ದಾನೆ. ಕೌರವನಿಗೆ ತನ್ನ ಶರೀರ. ತಮ್ಮಂದಿರಿಗೆ ಪ್ರಾಣಭಿಕ್ಷೆ. ಮಾರಿಗೆ ಸುಭಟಕೋಟಿ. ಈ ಮೂರನೆಯದನ್ನು ನಾವೆಲ್ಲ ಅವಸರದಲ್ಲಿ ದಾಟಿಬಿಡುತ್ತೇವೆ. ಋಣ ಕರ್ಣನದು. ಅದನ್ನು ತೀರಿಸಲು ಮೊದಲು ಸಾಯುವವರು ಹೆಸರೂ ಇಲ್ಲದ ಕಾಲಾಳುಗಳು.

ಒಂದು ಕೂಟದಲ್ಲಿ ನಾನು ಕೃಷ್ಣ. ಎದುರಿಗೆ ಕರ್ಣನಾಗಿ ಒಬ್ಬ ಹಿರಿಯ ಅರ್ಥಧಾರಿ. ಪದ್ಯ ಮುಗಿದ ಮೇಲೆ ಕೇಳಿದೆ: “ಆ ಕೋಟಿ ಜನರಿಗೂ ಅಮ್ಮಂದಿರಿದ್ದಾರಲ್ಲ ಕರ್ಣಾ?” ಅವರು ಎಲೆಅಡಿಕೆ ಒಂದು ಕಡೆಗೆ ಸರಿಸಿಕೊಂಡು, “ಅವರೂ ಯಾರದ್ದೋ ಅನ್ನ ಉಂಡವರು. ಅವರ ಋಣ ಅವರು ತೀರಿಸಲಿ, ನನ್ನದು ನಾನು ತೀರಿಸುತ್ತೇನೆ” ಎಂದರು. ಸಭೆ ಚಪ್ಪಾಳೆ ಹೊಡೆಯಿತು. ಉತ್ತರ ನನಗೂ ಖುಷಿ ಕೊಟ್ಟಿತು. ಲೆಕ್ಕ ಮಾತ್ರ ಸರಿಹೋಗಲಿಲ್ಲ. ಯಾರು ಎಷ್ಟೇ ದೊಡ್ಡ ಮಾತು ಆಡಲಿ, ಅದರ ಖರ್ಚು ಯಾರ ಖಾತೆಗೆ ಬಿತ್ತು ಅಂತ ನೋಡುವ ಚಾಳಿ ನನ್ನದು. ಬ್ಯಾಂಕಿನದೇ ಇರಬೇಕು.

ನೀವು ಮೀರಿಸುವ ಮಾತು ಕೇಳಿದಿರಿ. ಇದೆ, ಅದೂ ಕರ್ಣನದೇ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಅವನು ಕೃಷ್ಣನಿಗೆ ಹೇಳುತ್ತಾನೆ: ನಾನು ಯಾರು ಎಂಬುದು ಯುಧಿಷ್ಠಿರನಿಗೆ ಗೊತ್ತಾಗುವುದು ಬೇಡ. ಗೊತ್ತಾದರೆ ಅವನು ರಾಜ್ಯ ತೆಗೆದುಕೊಳ್ಳುವುದಿಲ್ಲ. ಆ ರಾಜ್ಯ ನನಗೇ ಸಿಕ್ಕಿದರೆ ನಾನದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ. ನೋಡಿ, ಕಣ್ಣೀರಿಲ್ಲ, ಆಣೆ ಇಲ್ಲ. ತನ್ನ ಸ್ವಭಾವ ತನಗೆ ಗೊತ್ತು, ತಮ್ಮನ ಸ್ವಭಾವವೂ ಗೊತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡಿರು ಎನ್ನುತ್ತಾನೆ. ಇದಕ್ಕೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ.

ಪ್ರ: ಹಾಗಾದರೆ ದುರ್ಯೋಧನ? ಅವನನ್ನು ಬರೀ ಸ್ವಾರ್ಥಿ ಎನ್ನಲು ಮನಸ್ಸು ಬರುವುದಿಲ್ಲ.
– ಕನ್ನಡ ಉಪನ್ಯಾಸಕಿ, ಮುಧೋಳ

ಉ: ರನ್ನನ ಊರಿನವರಿಗೆ ಹೇಗೆ ಮನಸ್ಸು ಬಂದೀತು! ಎಲ್ಲ ಮುಗಿಯುತ್ತಾ ಬಂದಾಗ, ಇನ್ನಾದರೂ ಸಂಧಿ ಮಾಡಿಕೋ ಎಂದರೆ ಗದಾಯುದ್ಧದ ದುರ್ಯೋಧನ “ನೆಲಕಿರಿವೆನೆಂದು ಬಗೆದಿರೆ? ಚಲಕಿರಿವೆಂ” ಎನ್ನುತ್ತಾನೆ. ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಹೋರಾಡುತ್ತೇನೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು, ಇದರ ಜೊತೆ ಮತ್ತೆ ಬಾಳುವೆನೇ ಎನ್ನುತ್ತಾನೆ. ಆಸ್ತಿಯ ಆಸೆಯಂತೂ ಇಲ್ಲಿ ಇಲ್ಲ.

ಆದರೆ ಕರ್ಣನ ಹೆಣದ ಮುಂದೆ ಅವನು ಅಳುವ ಪದ್ಯ ನೆನಪಿಸಿಕೊಳ್ಳಿ. “ಆನರಿವೆಂ ಪೃಥೆಯರಿವಳ್” ಎಂದು ಶುರುವಾಗುವುದು. ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೆ ಗೊತ್ತು, ನೀನು ಯಾರೆಂದು ಬೇರೆ ಯಾರಿಗೂ ಗೊತ್ತಿಲ್ಲ ಅಂಗಾಧಿಪತೀ ಎನ್ನುತ್ತಾನೆ. ಪಟ್ಟಿಯಲ್ಲಿ ಮೊದಲ ಹೆಸರೇ ಅವನದು! ಗೆಳೆಯ ಸ್ವಂತ ತಮ್ಮಂದಿರ ಮೇಲೆ ಬಿಲ್ಲೆತ್ತಿದ್ದಾನೆ ಎಂದು ಗೊತ್ತಿದ್ದೂ ಕೊನೆಯ ತನಕ ಬಾಯಿ ಬಿಡಲಿಲ್ಲ. ಅವನ ಅಳು ಸುಳ್ಳಲ್ಲ. ಸುಮ್ಮನಿದ್ದದ್ದೂ ಸುಳ್ಳಲ್ಲ. ರನ್ನ ಎರಡನ್ನೂ ಒಂದೇ ಬಾಯಲ್ಲಿ ಇಟ್ಟ.

ಪ್ರ: “ಯಾರು ಆಳಿದರೂ ನಮಗೇನು” ಎನ್ನುವ ಜನರನ್ನು ನಿಸ್ವಾರ್ಥಿಗಳು ಎನ್ನಬಹುದೇ?
– ಓದುಗರು, ತಿಪಟೂರು

ಉ: ತುಳಸೀದಾಸರ ರಾಮಾಯಣದಲ್ಲಿ ಈ ಮಾತು ಆಡುವವಳು ಮಂಥರೆ. ಯಾರು ರಾಜನಾದರೆ ನನಗೇನು ನಷ್ಟ, ದಾಸಿ ಹೋಗಿ ರಾಣಿಯಾಗುತ್ತೇನೆಯೇ ಎನ್ನುತ್ತಾಳೆ. ಕೈಕೇಯಿ ನಂಬಿದಳು. ಮುಂದಿನದು ನಿಮಗೆ ಗೊತ್ತು. ಯಾರು ಬಂದರೂ ರಾಗಿ ಬೀಸುವುದು ತಪ್ಪದು ಎಂಬ ನಮ್ಮ ಗಾದೆಯಲ್ಲಿ ದಣಿದವರ ನಿಟ್ಟುಸಿರಿದೆ, ಮಂಥರೆಯ ಮಾತಿನಲ್ಲಿ ಕೊಕ್ಕೆ ಇದೆ. ಆದರೂ ಅವಳು ತನಗಾಗಿ ಏನನ್ನೂ ಕೇಳಲಿಲ್ಲ ಎಂಬುದು ನಿಜ. ಕುವೆಂಪು ಅದನ್ನು ಕಂಡೇ ತಮ್ಮ ರಾಮಾಯಣ ದರ್ಶನಂನಲ್ಲಿ ಆ ಭಾಗಕ್ಕೆ ‘ಮಮತೆಯ ಸುಳಿ ಮಂಥರೆ’ ಎಂದು ಹೆಸರಿಟ್ಟಿರಬೇಕು.

ಪ್ರ: ನಾಲ್ಕನೇ ಕ್ಲಾಸಿಗೆ ಗೋವಿನ ಹಾಡು ಹೇಳಿಕೊಡುತ್ತಿದ್ದೆ. ಒಂದು ಹುಡುಗಿ ಎದ್ದು, “ಪುಣ್ಯಕೋಟಿ ತನ್ನ ಸತ್ಯಕ್ಕೋಸ್ಕರ ಕರುವನ್ನು ಬಿಟ್ಟು ಹೋದಳಲ್ಲ ಟೀಚರ್, ಅದು ಸ್ವಾರ್ಥ ಅಲ್ವಾ?” ಎಂದಳು. ಏನು ಹೇಳಲಿ?
– ಶಿಕ್ಷಕಿ, ಹೊಸನಗರ ತಾಲ್ಲೂಕು

ಉ: ಮೊದಲು ಆ ಹುಡುಗಿಗೆ ಶಭಾಷ್ ಹೇಳಿ. ಅವಳು ಕೇಳಿದ್ದನ್ನು ಹಾಡಿನಲ್ಲಿ ಕರುವೇ ಕೇಳುತ್ತದೆ ಎಂದು ತೋರಿಸಿ.

ಆರ ಮೊಲೆಯನು ಕುಡಿಯಲಮ್ಮ
ಆರ ಸೇರಿ ಬದುಕಲಮ್ಮ
ಆರ ಬಳಿಯಲಿ ಮಲಗಲಮ್ಮ
ಆರು ನನಗೆ ಹಿತವರು

ಹಾಲು, ಜೊತೆ, ಮಲಗುವ ಜಾಗ. ಅಷ್ಟೂ ಕರುವಿನ ದಿನದ ಅಗತ್ಯಗಳು. ಅಮ್ಮನ ಸತ್ಯಕ್ಕೆ ಕರು ಏನು ತೆರಬೇಕು ಎಂಬುದನ್ನು ಈ ಹಾಡು ಮುಚ್ಚಿಡುವುದಿಲ್ಲ. ಕರ್ಣನ ಪದ್ಯದಲ್ಲಿ ಸುಭಟಕೋಟಿಗೆ ಬಾಯಿಲ್ಲ. ಇಲ್ಲಿ ಕರುವಿಗೆ ಬಾಯಿದೆ.

ಗೋಡೆಯ ಮೇಲೆ ಬರೆಸುವಾಗ ನಾವು “ಸತ್ಯವೇ ನಮ್ಮ ತಾಯಿ ತಂದೆ” ಎಂಬ ಸಾಲನ್ನು ಆರಿಸುತ್ತೇವೆ. ಒಳ್ಳೆಯ ಸಾಲೇ. ಆದರೆ ನಾನು ಪುಣ್ಯಕೋಟಿಗೆ ಕೈಮುಗಿಯುವುದು ಅವಳು ಹೊರಡುವ ಮೊದಲು ದೊಡ್ಡಿಯ ಬೇರೆ ಹಸುಗಳಿಗೆ ಹೇಳುವ ಮಾತಿಗೆ. “ಮುಂದೆ ಬಂದರೆ ಹಾಯದಿರಿ, ಹಿಂದೆ ಬಂದರೆ ಒದೆಯದಿರಿ.” ದನ ಸಾಕಿದವರಿಗೆ ಇದು ಗೊತ್ತು. ತಬ್ಬಲಿ ಕರು ಹಸಿವಿಗೆ ಯಾವ ಹಸುವಿನ ಹತ್ತಿರ ಹೋದರೂ ಅದು ಝಾಡಿಸಿ ಒದೆಯುತ್ತದೆ. ಸಾಯಲು ಹೊರಟವಳು ಅಷ್ಟನ್ನು ಯೋಚಿಸಿದ್ದಾಳೆ. ಸತ್ಯದ ಬಗ್ಗೆ ಭಾಷಣ ಮಾಡಲು ಯಾರಿಗೂ ಬರುತ್ತದೆ ಬಿಡಿ. ಒದೆಯಬೇಡಿ ಎಂದು ನೆನಪಿಟ್ಟು ಹೇಳುವುದು ಕಷ್ಟ.

ಇದರ ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ನೋಡಿ. 7ನೇ ಶತಮಾನದ ಹರ್ಷ ಚಕ್ರವರ್ತಿಯ ಸಂಸ್ಕೃತ ನಾಟಕ ನಾಗಾನಂದ. ಅದರ ನಾಯಕ ಜೀಮೂತವಾಹನ. ಗರುಡನಿಗೆ ಆ ದಿನದ ಆಹಾರವಾಗಬೇಕಿದ್ದ ಶಂಖಚೂಡ ಎಂಬ ನಾಗನ ಬದಲು ತಾನೇ ಬಂಡೆಯ ಮೇಲೆ ಮಲಗುತ್ತಾನೆ. ಗರುಡ ತಿನ್ನುತ್ತಾ ತಿನ್ನುತ್ತಾ ಅನುಮಾನ ಬಂದು ನಿಲ್ಲಿಸುತ್ತಾನೆ. ಆಗ ಇವನು, ನರಗಳಿಂದ ರಕ್ತ ಇನ್ನೂ ಸುರಿಯುತ್ತಿದೆ, ಮೈಯಲ್ಲಿ ಮಾಂಸ ಇನ್ನೂ ಇದೆ, ನಿನಗೆ ತೃಪ್ತಿಯಾದಂತೆ ಕಾಣುವುದಿಲ್ಲ, ಯಾಕೆ ನಿಲ್ಲಿಸಿದೆ ಗರುಡಾ ಎಂದು ಕೇಳುತ್ತಾನೆ. ನಮ್ಮ “ಖಂಡವಿದೆಕೋ ಮಾಂಸವಿದೆಕೋ” ನೆನಪಾಯಿತಲ್ಲ? ಮೈ ಜುಮ್ಮೆನ್ನುವ ಮಾತು. ಆದರೆ ಅವನಿಗೆ ಆಗಷ್ಟೇ ಮದುವೆಯಾಗಿದೆ. ವಯಸ್ಸಾದ ಅಪ್ಪ ಅಮ್ಮನ ಸೇವೆಗೆಂದೇ ರಾಜ್ಯ ಬಿಟ್ಟು ಬಂದವನು. ಮನೆಯಲ್ಲಿ ಒಂದು ಮಾತು ಹೇಳದೆ ಹೋಗಿಬಿಟ್ಟ. ಅವನ ತಲೆಯ ಮಣಿ ಎದುರಿಗೆ ಬಂದು ಬಿದ್ದಾಗಲೇ ಅವರು ಗಾಬರಿಯಾಗುವುದು. ಕೊನೆಗೆ ಗೌರಿ ಬದುಕಿಸುತ್ತಾಳೆ, ಅದು ಬೇರೆ ಮಾತು. ನನ್ನನ್ನು ಕೇಳಿದರೆ ರಾಜಕುಮಾರನಿಗಿಂತ ಹಸುವೇ ಮೇಲು.

ಮತ್ತೆ ಆ ಹುಡುಗಿ ಮುಂದಿನ ವಾರ ಹುಲಿಯ ಬಗ್ಗೆ ಕೇಳುತ್ತಾಳೆ, ತಯಾರಾಗಿರಿ. ಹಸಿದ ಹುಲಿ ಹಸುವನ್ನು ಬಿಟ್ಟಿತು, ಸರಿ. ಪ್ರಾಣ ಯಾಕೆ ಬಿಡಬೇಕಿತ್ತು? ಆ ಸಾಲಿನ ಬಗ್ಗೆ ನನಗೂ ಸಮಾಧಾನವಿಲ್ಲ.

ಪ್ರ: “ನನಗೆ ಹಸಿವಿಲ್ಲ, ನೀವು ಊಟ ಮಾಡಿ” ಎಂಬ ಡೈಲಾಗ್ ಸಿನಿಮಾಗಳಲ್ಲಿ ಯಾವಾಗಲೂ ಅಮ್ಮನಿಗೋ ಅತ್ತಿಗೆಗೋ. ಗಂಡಸರಿಗೆ ಯಾಕೆ ಕೊಡುವುದಿಲ್ಲ?
– ಗೃಹಿಣಿ, ಹಾವೇರಿ

ಉ: ಕೊಟ್ಟರೆ ಅವರು ಮೊದಲು ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಬೇಕಾಗುತ್ತದೆ. ಅನ್ನ ಸಾಲದು ಎಂಬುದು ಬಡಿಸುವವಳಿಗೆ ಮಾತ್ರ ಗೊತ್ತಿರುವ ಗುಟ್ಟು.

ಈ ಡೈಲಾಗಿಗೆ ಎದುರು ಮಾತು ಒಂದಿದೆ. ನಾರ್ವೆಯ ಇಬ್ಸೆನ್ 1879ರಲ್ಲಿ ಬರೆದ ಗೊಂಬೆಮನೆಯ ನಾಟಕದಲ್ಲಿ. ಗಂಡನ ಜೀವ ಉಳಿಸಲು ನೋರಾ ಅಪ್ಪನ ಸಹಿಯನ್ನು ತಾನೇ ಹಾಕಿ ಸಾಲ ತಂದಿರುತ್ತಾಳೆ. ಕದ್ದುಮುಚ್ಚಿ ತೀರಿಸುತ್ತಿರುತ್ತಾಳೆ. ಗೊತ್ತಾದ ದಿನ ಗಂಡನಿಗೆ ತನ್ನ ಮರ್ಯಾದೆಯದೇ ಚಿಂತೆ. ಪ್ರೀತಿಸಿದವರಿಗಾಗಿ ಯಾವ ಗಂಡಸೂ ಮಾನ ಕಳೆದುಕೊಳ್ಳುವುದಿಲ್ಲ ಎನ್ನುತ್ತಾನೆ. ನೋರಾ ತಣ್ಣಗೆ ಹೇಳುತ್ತಾಳೆ, ಲಕ್ಷಾಂತರ ಹೆಂಗಸರು ಕಳೆದುಕೊಂಡಿದ್ದಾರೆ. ನೀನು ಎಲ್ಲಕ್ಕಿಂತ ಮೊದಲು ಹೆಂಡತಿ, ತಾಯಿ ಎಂದರೆ, ಎಲ್ಲಕ್ಕಿಂತ ಮೊದಲು ನಾನು ಮನುಷ್ಯಳು ಎನ್ನುತ್ತಾಳೆ. ಬಾಗಿಲು ಹಾಕಿಕೊಂಡು ಹೊರಟುಹೋಗುತ್ತಾಳೆ. ಮೂರು ಮಕ್ಕಳು ಒಳಗೇ ಉಳಿಯುತ್ತಾರೆ.

ಇದು ಸ್ವಾರ್ಥವೇ? ಆಗಿನ ಜನ ಹೌದು ಎಂದರು. ಜರ್ಮನಿಯಲ್ಲಿ ಈ ಪಾತ್ರ ಮಾಡಬೇಕಿದ್ದ ನಟಿಯೇ ಮಕ್ಕಳನ್ನು ಬಿಟ್ಟು ಹೋಗುವ ಕೊನೆ ನನಗೆ ಬೇಡ ಎಂದಳು. ಬೇರೆಯವರು ತಿದ್ದುವುದಕ್ಕಿಂತ ತಾನೇ ತಿದ್ದುವುದು ವಾಸಿ ಎಂದು ಇಬ್ಸೆನ್ ಇನ್ನೊಂದು ಕೊನೆ ಬರೆದುಕೊಟ್ಟ. ಅದರಲ್ಲಿ ನೋರಾ ಮಕ್ಕಳನ್ನು ನೋಡಿ ಉಳಿಯುತ್ತಾಳೆ. ನಾಟಕದ ಮೇಲೆ ನಡೆದ ಬರ್ಬರ ದೌರ್ಜನ್ಯ ಇದು ಎಂದು ಅವನೇ ಬೈದ. ನೋರಾಳ ಮಾತಿಗೂ ಖರ್ಚು ಇದೆ, ಅದು ಆ ಮಕ್ಕಳ ಖಾತೆಗೆ ಬೀಳುತ್ತದೆ. ಆದರೆ ಅಲ್ಲಿಯ ತನಕ ಆ ಮನೆಯ ಎಲ್ಲ ಖರ್ಚೂ ಅವಳೊಬ್ಬಳ ಖಾತೆಯಲ್ಲೇ ಇತ್ತು. ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನೀವು ಇವತ್ತು ಮೊದಲು ಬಡಿಸಿಕೊಳ್ಳಿ ಅಮ್ಮಾ. ಏನಾಗುತ್ತದೆ ಎಂದು ನನಗೆ ಬರೆದು ತಿಳಿಸಿ.

ಪ್ರ: “ಇನ್ನೊಬ್ಬರಿಗಾಗಿ ನಾನು ಬದುಕುವುದಿಲ್ಲ” ಎಂಬ ಜಾನ್ ಗಾಲ್ಟ್‌ನ ಮಾತು ನನ್ನ ವಾಟ್ಸಾಪ್ ಸ್ಟೇಟಸ್. ಅಪ್ಪ ಸ್ವಾರ್ಥಿ ಎಂದು ಬೈಯುತ್ತಾರೆ.
– ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಉ: ಅಮೆರಿಕದ ಲೇಖಕಿ ಆಯ್ನ್ ರಾಂಡ್‌ಳ 1957ರ ಕಾದಂಬರಿ ‘ಅಟ್ಲಾಸ್ ಶ್ರಗ್ಡ್’ನಲ್ಲಿ ಗಾಲ್ಟ್ ಮಾಡುವ ಆ ಪ್ರತಿಜ್ಞೆ ಅಲ್ಲಿಗೇ ಮುಗಿಯುವುದಿಲ್ಲ ಮಾರಾಯ. ನನಗಾಗಿ ಬದುಕು ಎಂದು ಇನ್ನೊಬ್ಬರನ್ನೂ ಕೇಳುವುದಿಲ್ಲ ಎಂದು ಮುಂದೆ ಇದೆ. ಅದನ್ನೂ ಸ್ಟೇಟಸ್‌ಗೆ ಹಾಕು. ಹಾಕುವ ಮೊದಲು ಹಾಸ್ಟೆಲ್ ಫೀಸು ಯಾರು ಕಟ್ಟುತ್ತಿದ್ದಾರೆ ನೋಡು.

ಪ್ರ: ಸ್ಟಾರ್ ಟ್ರೆಕ್‌ನ ಸ್ಪಾಕ್ ಹೇಳುವ “ಒಬ್ಬರ ಅಗತ್ಯಕ್ಕಿಂತ ಹಲವರ ಅಗತ್ಯ ದೊಡ್ಡದು” ಎಂಬ ಮಾತನ್ನು ನಿಮ್ಮ ಕಡೆ ಕೇಳಿದ್ದಾರೆಯೇ?
– ಸಾಗರದವರು, ಈಗ ಕ್ಯಾಲಿಫೋರ್ನಿಯಾ

ಉ: ಮೊಮ್ಮಗನ ಪುಣ್ಯದಿಂದ ಕೇಳಿದ್ದೇನೆ. 1982ರ ಸಿನಿಮಾ. ತಮ್ಮ ಬಾಹ್ಯಾಕಾಶ ಹಡಗು ಉಳಿಸಲು ಸ್ಪಾಕ್ ವಿಕಿರಣ ತುಂಬಿದ ಎಂಜಿನ್ ಕೋಣೆಗೆ ತಾನೇ ಹೋಗುತ್ತಾನೆ. ಸಾಯುವಾಗ ಗಾಜಿನ ಆ ಕಡೆಯಿಂದ ಆ ಮಾತು ಶುರು ಮಾಡುತ್ತಾನೆ. ಅವನ ಗೆಳೆಯ, ಅಡ್ಮಿರಲ್ ಕರ್ಕ್ ಅದನ್ನು ಮುಂದುವರಿಸುತ್ತಾನೆ. 1984ರ ಮುಂದಿನ ಸಿನಿಮಾದಲ್ಲಿ ಕರ್ಕ್ ಅದನ್ನೇ ತಿರುಗಿಸಿ, ಒಬ್ಬನ ಅಗತ್ಯ ಹಲವರಿಗಿಂತ ದೊಡ್ಡದಾಗಿತ್ತು ಎನ್ನುತ್ತಾನೆ. ಆ ಒಬ್ಬ ಸ್ಪಾಕ್. ಅವನಿಗಾಗಿ ಕರ್ಕ್ ಹಡಗನ್ನೂ ಮಗನನ್ನೂ ಕಳೆದುಕೊಂಡಿರುತ್ತಾನೆ. ಲೆಕ್ಕ ಗೊತ್ತಿದ್ದವನು ಒಬ್ಬ, ಲೆಕ್ಕ ಹರಿದು ಹಾಕಿದವನು ಇನ್ನೊಬ್ಬ. ಇಬ್ಬರೂ ಕೈಯಿಂದಲೇ ಕೊಟ್ಟರು.

ನೀವು ಸಾಗರದವರು, ಹಾಗಾಗಿ ಹೇಳುತ್ತೇನೆ. ಶರಾವತಿಗೆ ಲಿಂಗನಮಕ್ಕಿ ಕಟ್ಟಿದಾಗ ನಮ್ಮ ಕಡೆ ಊರಿಗೆ ಊರೇ ಮುಳುಗಿತು. ನಾಡಿಗೆ ಬೆಳಕು ಬಂತು, ಸುಳ್ಳಲ್ಲ. ಆಗಲೂ ನಮ್ಮ ಹಿರಿಯರು ಕೇಳಿದ್ದು ಸ್ಪಾಕ್‌ನ ಮಾತನ್ನೇ. ಹೇಳಿದವರ ಮನೆ ಮುಳುಗಲಿಲ್ಲ, ಅಷ್ಟೇ ವ್ಯತ್ಯಾಸ.

ಪ್ರ: ಆಸೆ ತೀರಿಸಿದಷ್ಟೂ ಬೆಳೆಯುತ್ತದೆ ಎಂಬ ಒಳ್ಳೆಯ ಮಾತು ಯಾರದು? ನಿವೃತ್ತರಾಗುತ್ತಿರುವ ನಮ್ಮ ಮುಖ್ಯೋಪಾಧ್ಯಾಯರ ಸನ್ಮಾನಪತ್ರದಲ್ಲಿ ಹಾಕಬೇಕು.
– ಶಾಲಾ ಸಿಬ್ಬಂದಿ, ಚಿಕ್ಕನಾಯಕನಹಳ್ಳಿ

ಉ: ಮಹಾಭಾರತದ ಯಯಾತಿಯದು. ತುಪ್ಪ ಹಾಕಿದಷ್ಟೂ ಬೆಂಕಿ ಏಳುವ ಹಾಗೆ ಭೋಗಿಸಿದಷ್ಟೂ ಕಾಮ ಏಳುತ್ತದೆ ಎನ್ನುತ್ತಾನೆ. ಎಷ್ಟು ಚಂದ ಅಲ್ವಾ? ಮಗ ಪುರುವಿನ ಯೌವನ ಇಸಿದುಕೊಂಡು, ತನ್ನ ಮುಪ್ಪನ್ನು ಅವನಿಗೆ ಹೊರಿಸಿ, ಸಾವಿರ ವರ್ಷ ಸುಖಪಟ್ಟ ಮೇಲೆ ಹೇಳಿದ ಮಾತು. ಕೊಡುವುದಿಲ್ಲ ಎಂದ ಯದು ಮುಂತಾದ ಮಕ್ಕಳಿಗೆ ಶಾಪ ಬೇರೆ ಕೊಟ್ಟಿದ್ದ. ಸನ್ಮಾನಪತ್ರದಲ್ಲಿ ಹಾಕಿ, ಪರವಾಗಿಲ್ಲ. ಹೆಡ್‌ಮಾಸ್ಟರರ ಮಗ ಮಹಾಭಾರತ ಓದಿರದಿದ್ದರೆ ಸಾಕು.

ಪ್ರ: ಡಿಕನ್ಸ್‌ನ ಎರಡು ನಗರಗಳ ಕಥೆಯಲ್ಲಿ ಸಿಡ್ನಿ ಕಾರ್ಟನ್ ಸಾಯುವಾಗ ಹೇಳುವ ಮಾತು ನನ್ನ ಪ್ರಕಾರ ಪ್ರಪಂಚದ ಶ್ರೇಷ್ಠ ನಿಸ್ವಾರ್ಥದ ಮಾತು. ನಿಮ್ಮ ಪ್ರಕಾರ?
– ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕರು, ಮೈಸೂರು

ಉ: ಸರ್, ಒಂದು ತಕರಾರು. ಆ ಮಾತನ್ನು ಕಾರ್ಟನ್ ಹೇಳುವುದೇ ಇಲ್ಲ! ಪ್ರೀತಿಸಿದವಳ ಗಂಡನನ್ನು ಜೈಲಿನಿಂದ ಪಾರು ಮಾಡಿ, ಅವನ ಬದಲು ಗಿಲೊಟಿನ್‌ಗೆ ತಲೆ ಕೊಡುತ್ತಾನೆ. ನಾನು ಈವರೆಗೆ ಮಾಡಿದ ಎಲ್ಲಕ್ಕಿಂತ ಇದು ಎಷ್ಟೋ ಒಳ್ಳೆಯ ಕೆಲಸ ಎಂಬುದು ಪುಸ್ತಕದ ಕೊನೆಯ ಸಾಲು, ನಿಜ. ಆದರೆ ಅದಕ್ಕೆ ಸ್ವಲ್ಪ ಮುಂಚೆ, ಅವನು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದರೆ ಹೀಗಿರುತ್ತಿತ್ತು ಎಂದು ಡಿಕನ್ಸ್ ಬರೆದಿದ್ದಾನೆ. 1859ರಿಂದ ನಾವು ಹೇಳದ ಮಾತನ್ನೇ ಬಾಯಿಪಾಠ ಮಾಡಿಕೊಂಡಿದ್ದೇವೆ.

ಅವನು ನಿಜವಾಗಿ ಆಡಿದ್ದು ಬೇರೆ. ಅದೇ ಗಾಡಿಯಲ್ಲಿ ಸಾಯಲು ಹೊರಟ ಒಬ್ಬ ಬಡ ದರ್ಜಿ ಹುಡುಗಿ ಇದ್ದಾಳೆ. ಅವಳ ಕೈ ಹಿಡಿದುಕೊಂಡು, ನನ್ನನ್ನೇ ನೋಡುತ್ತಿರು ಮಗೂ, ಬೇರೆ ಯಾವುದರ ಕಡೆಗೂ ಗಮನ ಕೊಡಬೇಡ ಎನ್ನುತ್ತಾನೆ. ಗಿಲೊಟಿನ್ ಅವಳ ಕಣ್ಣಿಗೆ ಬೀಳದ ಹಾಗೆ ಅವಳನ್ನು ಅದಕ್ಕೆ ಬೆನ್ನು ಮಾಡಿ ನಿಲ್ಲಿಸುತ್ತಾನೆ. ನನ್ನ ಓಟು ಈ ಮಾತಿಗೆ. ಪುಣ್ಯಕೋಟಿ ಇದ್ದಿದ್ದರೆ ಅವಳದ್ದೂ.

ಪ್ರ: ಕೌರವ, ಕರ್ಣ, ಕೃಷ್ಣ ಎಲ್ಲ ಆಯಿತು. ನಿಮಗೆ ಯಾರ ಅರ್ಥ ಹೇಳುವುದು ಇಷ್ಟ?
– ತಾಳಮದ್ದಳೆ ಅಭಿಮಾನಿ, ಶಿರಸಿ

ಉ: ಶಲ್ಯ. ಪಾಂಡವರ ಸೋದರಮಾವ. ಕೌರವನ ಔತಣ ಉಂಡು ಸಿಕ್ಕಿಬಿದ್ದವನು. ಕರ್ಣಪರ್ವದಲ್ಲಿ ಕರ್ಣನ ಸಾರಥಿ. ಬಾಣ ಬದಲಿಸಿ ಹೂಡು ಎನ್ನುತ್ತಾನೆ. ತೊಟ್ಟ ಬಾಣ ಮತ್ತೆ ತೊಡುವುದಿಲ್ಲ ಎನ್ನುತ್ತಾನೆ ಕರ್ಣ. ಹಾಗಾದರೆ ನಿನ್ನ ಜೊತೆ ಸಾಯುವ ಕರ್ಮ ನನಗೇನು ಎಂದು ಶಲ್ಯ ರಥ ಇಳಿದು ಹೋಗುತ್ತಾನೆ. ಇಂಥ ಮಾತಿಗೆ ಸಭೆಯಲ್ಲಿ ನಗು ಏಳುತ್ತದೆ. ಯಾಕೆಂದರೆ ಮುಕ್ಕಾಲು ಪಾಲು ಜನ ಮನಸ್ಸಿನಲ್ಲೇ ಅವನ ಹಿಂದೆ ಇಳಿದಿರುತ್ತಾರೆ. ಇನ್ನೊಂದು ಅನುಕೂಲವೂ ಉಂಟು. ಇಳಿದ ಮೇಲೆ ಶಲ್ಯನಿಗೆ ಕೆಲಸವಿಲ್ಲ, ಎದ್ದು ಹೋಗಿ ಚಾ ಕುಡಿಯಬಹುದು. ಕರ್ಣನಾದವನು ಅರ್ಜುನ ಕೊಲ್ಲುವ ತನಕ ಚಕ್ಕಳಮಕ್ಕಳ ಹಾಕಿಕೊಂಡು ಕೂರಬೇಕು. ನನ್ನ ಮಂಡಿನೋವಿಗೆ ಶಲ್ಯನೇ ಸರಿ.